ಬಲೆಗಿಲ್ಲದ ಮೈಲಿಗೆ

ಖಾಲಿ ಕೊಡ ಹಿಡಿದು ಬಾವಿಯಿಂದ ದೂರ ನಿಂತಿದ್ದ ಹೆಂಗಸನ್ನು, "ಈ ಬಾಟ್ಲಿಗೆ ನೀರು ಸೇದಿ ಕೊಡತೀರೇನ್ರಿ?" ಎಂದು ಕೇಳಿದೆ. ಆಕೆ ಹಿಂದೆ ಸರಿದಳು. "ನಾವು ಬಾವಿ ಮುಟ್ಟೂಹಂಗಿಲ್ರೀ ಅಕ್ಕಾರ. ಯಾರರ ಸೇದಿ ಹಾಕೂತನಕ ಇಲ್ಲೇ ನಿಂದರಬೇಕು."

ಎಪ್ಪತ್ತರ ದಶಕದ ಮಾತು. ನೀರಿನ ಜೀವಿಗಳನ್ನು ಪರೀಕ್ಷಿಸಿ ಜನರಿಗೆ ತಿಳಿಹೇಳಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ನಾವು ರಾಮದುರ್ಗದ ಕಡೆಯ ಆ ಹಳ್ಳಿಗೆ ಹೋಗಿದ್ದೆವು. ಸ್ವಲ್ಪ ಮೊದಲು ನಾವು ಹೊಳೆಯಲ್ಲಿ ಕಪ್ಪೆ ಹಿಡಿದ ಬಲೆಯನ್ನೇ ಬಾವಿಗೆ ಇಳಿಸಿದಾಗ ಯಾರೂ ಬೇಡವೆಂದಿರಲಿಲ್ಲ. ಊರಿನ ಹಿರಿಯರೊಬ್ಬರ ಬಕೆಟ್ ಪಡೆದು ನಾನೇ ನೀರು ಸೇದಿ ಆಕೆಯ ಕೊಡ ತುಂಬಿದೆ. ಬಕೆಟ್ ಕೊಟ್ಟಿದ್ದ ಹಿರಿಯರು, "ಆಕಿ ಕೊಡಕ್ಕ ತಾಗಿತಲ್ರೀ!" ಎಂದು ಬಕೆಟ್ಟನ್ನು ಬೂದಿ ಹಚ್ಚಿ ತೊಳೆದರು.

ಸಂಜೆ ಶಾಲೆಯಲ್ಲಿ ನಮ್ಮ ಪ್ರಾಧ್ಯಾಪಕರು ಬಾವಿಯ ನೀರು ಶುದ್ಧವಾಗಿದೆ ಎಂದಾಗ ಆ ಹಿರಿಯರೇ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಅವರು ಪ್ರೀತಿಯಿಂದ ಕೊಟ್ಟ ನೀರನ್ನು ನಾನು ಕುಡಿಯದೆ ಕೆಳಗಿಟ್ಟೆ.