ಎರಡನೆಯ ಸಲ ಮಾಡಿದ ಸದ್ದು

ರಂಗಣ್ಣ, ಪ್ರಸನ್ನನ ಗಾಡಿಯ ಸದ್ದು ಎಂದು ನಿಮ್ಮ ಅಂಗಡಿಯ ಮುಂದೆ ನಾನು ಮೊದಲ ಸಲ ಬಾಯಲ್ಲಿ ಮಾಡಿ ತೋರಿಸಿದ್ದು ಸುಳ್ಳು. ಮೂರು ವಾರದ ಮೇಲೆ, ಅದೇ ಜಾಗದಲ್ಲಿ, ಎರಡನೆಯ ಸಲ ಮಾಡಿದ್ದು ನಿಜ. ನಿಮ್ಮ ಕಿವಿ ಎರಡು ದಿನವೂ ಸರಿಯಾಗಿಯೇ ಇತ್ತು. ಇಷ್ಟು ಹೇಳಲು ನನಗೆ ಐದು ವರ್ಷ ಬೇಕಾಯಿತು — ಯಾರ ದನಿ ಕೇಳಿದರೂ ಆ ಕ್ಷಣಕ್ಕೆ ತೆಗೆದುಕೊಡುವ ಈ ಬಾಯಿಗೆ!

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ತಣ್ಣಗಾದ ಮೇಲೆ ಕೂತರೆ ಚೆಂದ ಮಾಡಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ನಡುವೆ ಎರಡು ಜೋಕು ಸೇರಿಸಿ, ಓದಿದವರು ನಕ್ಕು, ‘ಹೋಗಲಿ ಪಾಪ, ಹುಡುಗುಬುದ್ಧಿ’ ಎಂದು ನನ್ನನ್ನು ಬಿಟ್ಟುಬಿಡುವ ಹಾಗೆ — ಬೇಡ. ಬಿಡಬಾರದು.

ನಿಮಗೆ ಗೊತ್ತಿರುವುದನ್ನೂ ಬರೆಯಬೇಕಾಗುತ್ತದೆ, ಏಕೆಂದರೆ ನೀವು ಯಾರು ಎಂದು ಓದುವ ಬೇರೆಯವರಿಗೂ ತಿಳಿಯಬೇಕು. ನಾನು ಅರಸೀಕೆರೆಯಿಂದ ಬಂದವನು. ಆಗ ಇಪ್ಪತ್ತೆರಡು ವರ್ಷ. ಕೊಯಮತ್ತೂರಿನ ಪೀಳಮೇಡಿನ ಪಂಪು ಕಾರ್ಖಾನೆಯೊಂದರಲ್ಲಿ ಟ್ರೇನಿ. ಬಡಕಲು ಕಾಲು, ಆನೆ ಕಿವಿ, ಎಲ್ಲಿ ನಿಂತರೂ ಒಂದು ನಾಟಕ. ಮ್ಯಾನೇಜರ್ ಸೀನುವುದು, ಕಂಡಕ್ಟರ್ ಸೀಟಿ ಊದಿ ಬಯ್ಯುವುದು, ನಮ್ಮ ಮನೆ ಓನರಮ್ಮ ಬೆಕ್ಕನ್ನು ಮುದ್ದಾಗಿಯೂ ಗಂಡನನ್ನು ಗದರಿಸಿಯೂ ಕರೆಯುವುದು — ಎಲ್ಲ ನನ್ನ ಗಂಟಲಲ್ಲಿತ್ತು. ಶರವಣಂಪಟ್ಟಿಯಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದವನು ಪ್ರಸನ್ನ. ಸಾಫ್ಟ್‌ವೇರ್ ಕಂಪನಿಯವನು. ಅವನ ಅಪ್ಪ ಓಡಿಸಿ ಹಳತಾದ ಒಂದು ಟೂ-ಸ್ಟ್ರೋಕ್ ಬೈಕನ್ನು ರೈಲಿನಲ್ಲಿ ಹಾಕಿ ಇಲ್ಲಿಗೆ ತರಿಸಿಕೊಂಡಿದ್ದ.

ಮತ್ತೆ ನೀವು. ಅಜ್ಜನ ಕಾಲಕ್ಕೇ ಕೊಯಮತ್ತೂರಿಗೆ ಬಂದು ನೆಲೆಸಿದ ನೇಕಾರರ ಮನೆಯವರು. ಮಗ್ಗ ಬಿಟ್ಟು ಸ್ಪ್ಯಾನರ್ ಹಿಡಿದ ಮೊದಲಿಗರು. ನಾನು ನಿಮ್ಮ ಗಾಡಿ ರಿಪೇರಿ ಅಂಗಡಿಯ ಪಕ್ಕದ ಬೂತಿನಿಂದ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, ಗ್ರೀಸ್ ಕೈಯಲ್ಲೇ ಓಡಿಬಂದಿದ್ದಿರಿ. “ಏನ್ ತಂಬಿ, ನೀ ನಮ್ ಮನೆ ಮಾತು ಆಡ್ತೀಯಾ!” ಮನೆ ಮಾತು. ನಿಮಗೆ ಕನ್ನಡ ಅಡುಗೆಮನೆಯಲ್ಲಿ ಹುಟ್ಟಿ ಅಂಗಳಕ್ಕೆ ಮುಗಿಯುತ್ತಿತ್ತು. ಕಲಿತ ಅಕ್ಷರ ಮಾತ್ರ ತಮಿಳಿನದು.

ನಿಮ್ಮ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಗಾಡಿಗೆ ಏನಾಗಿದೆ ಎಂದು ಮಾಲೀಕನನ್ನು ಕೇಳುತ್ತಿರಲಿಲ್ಲ. ಯಾರಾದರೂ ಶುರುಮಾಡಿದರೆ ಕೈಯೆತ್ತಿ ತಡೆಯುತ್ತಿದ್ದಿರಿ. “ಓನರ್ ಪೊಯ್ ಹೇಳ್ತಾನೆ ತಂಬಿ. ಗಾಡಿಗೆ ಪೊಯ್ ಹೇಳಾಕೆ ಬರಲ್ಲ.” ಪೊಯ್ ಎಂದರೆ ಸುಳ್ಳು — ನಾನು ನಿಮ್ಮಿಂದ ಕಲಿತ ಮೊದಲ ತಮಿಳು ಪದ ಅದು. ಗಾಡಿ ವಿಪರೀತ ಬಿಸಿಯಾಗುತ್ತದೆ ಎಂದು ಬಂದವನನ್ನು ಮೊದಲು ನಾಲ್ಕು ಕಿಲೋಮೀಟರ್ ಓಡಿಸಿಕೊಂಡು ಬಾ ಎಂದು ಅಟ್ಟುತ್ತಿದ್ದಿರಿ. ಬಂದ ಮೇಲೆ ಎಂಜಿನಿನ ರೆಕ್ಕೆಗಳ ಮೇಲೆ ಬೆರಳಿಂದ ನೀರು ಚಿಮುಕಿಸಿ, ಹನಿ ಎಲ್ಲಿ ಚುರ್ ಎಂದು ಹಾರುತ್ತದೆ, ಎಲ್ಲಿ ನಿಂತು ಕುದಿಯುತ್ತದೆ ಎಂದು ನೋಡುವುದು. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು: ಕಂದು ಇದ್ದರೆ ಆರೋಗ್ಯ, ಬಿಳಿ ಇದ್ದರೆ ಒಳಗೆ ಬೆಂಕಿ. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನಿಗೆ, ಹಿಡಿ ಕಿವಿಗೆ, ಕಣ್ಣು ಮುಚ್ಚಿ ಆಕ್ಸಿಲರೇಟರ್ ಏರಿಸಿ ಬಿಡುವುದು. ಸದ್ದಿಗೆ ನೀವು ಸತ್ತಂ ಎನ್ನುತ್ತಿದ್ದಿರಿ. “ಸತ್ತಂ ಏರುವಾಗ ಎಲ್ಲಾ ಗಾಡಿನೂ ಹಾಡ್ತದೆ. ಇಳಿಯುವಾಗ ಕೇಳು. ರೋಗ ಅಲ್ಲಿರ್ತದೆ.”

ಭಾನುವಾರಗಳಂದು ನಮ್ಮಿಬ್ಬರದೂ ಒಂದು ಆಟ. ನಾನು ಬೀದಿಯಲ್ಲಿ ಕೇಳಿದ ಯಾವುದೋ ಗಾಡಿಯನ್ನು ಬಾಯಲ್ಲಿ ಓಡಿಸುತ್ತಿದ್ದೆ. ನೀವು ಕಣ್ಣು ಮುಚ್ಚಿ ರೋಗ ಹೇಳುತ್ತಿದ್ದಿರಿ — ಚೈನು ಬಿಗಿ, ಬ್ರೇಕು ಹಿಡಿದಿದೆ, ಎಣ್ಣೆ ಕಮ್ಮಿ. ಒಮ್ಮೆಯೂ ತಪ್ಪಲಿಲ್ಲ. ಪಕ್ಕದ ಟೀ ಅಂಗಡಿಯವರು, ಕಾಲೇಜು ಹುಡುಗರು ಸುತ್ತ ನಿಲ್ಲುತ್ತಿದ್ದರು. “ನಿನ್ ಬಾಯಿ, ನನ್ ಕಿವಿ — ಎರಡೂ ಒಂದೇ ಕಂಪನಿ ಮಾಲು ತಂಬಿ” ಎನ್ನುತ್ತಿದ್ದಿರಿ. ಇಡೀ ಕೊಯಮತ್ತೂರಿನಲ್ಲಿ ಯಾರ ಮಾತನ್ನೂ ಕೇಳದ ಮನುಷ್ಯ ನೀವು, ನನ್ನ ಬಾಯಿಯನ್ನು ಗಾಡಿಯೆಂದು ನಂಬಿದ್ದಿರಿ.

ಅಂಥ ಬಾಯಿ.

ಪ್ರಸನ್ನನ ಗಾಡಿ ಬಿಸಿಯಾಗತೊಡಗಿದ್ದು ಏಪ್ರಿಲ್ ಸೆಕೆಯಲ್ಲಿ. ಹತ್ತು ಕಿಲೋಮೀಟರ್ ಹೋದರೆ ಶಕ್ತಿ ಸೋರುತ್ತಿತ್ತು. ಕಾಲಿಗೆ ಕಾವು ಹೊಡೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೆ: ಆಕ್ಸಿಲರೇಟರ್ ಬಿಟ್ಟರೂ ಸದ್ದು ತಕ್ಷಣ ಇಳಿಯುತ್ತಿರಲಿಲ್ಲ. ಒಂದೆರಡು ಕ್ಷಣ ಮೇಲೆಯೇ ತೇಲಿ, ಮನಸ್ಸಿಲ್ಲದ ಮನಸ್ಸಿನಿಂದ ಕೆಳಗೆ ಬರುತ್ತಿತ್ತು. ಏರಿನಲ್ಲಿ ಒಳಗೆಲ್ಲೋ ಸಣ್ಣಗೆ ಕಿಣಿಕಿಣಿ — ಡಬ್ಬಿಯಲ್ಲಿ ಗಾಜಿನ ಗೋಲಿ ಆಡಿಸಿದ ಹಾಗೆ. ಪ್ರಸನ್ನನಿಗೆ ವಾರವಿಡೀ ಬೆಳಗಿನಿಂದ ಸಂಜೆಯವರೆಗೆ ಆಫೀಸು. ನಿಮ್ಮ ಅಂಗಡಿ ನನ್ನ ಬಸ್ಸಿನ ದಾರಿಯಲ್ಲಿ. “ನೀನೇ ಹೋಗಿ ಆ ಸದ್ದು ಮಾಡಿ ತೋರಿಸು ಮಾರಾಯ, ನಿಂಗೇನು ಕಷ್ಟ” ಎಂದ.

ಬಂದೆ. ಅವತ್ತು ಜನ ಹೆಚ್ಚಿದ್ದರು, ನೆನಪಿದೆಯೆ? ನಾನು ನಿಜವಾದ ಸದ್ದನ್ನೇ ಶುರುಮಾಡಿದೆ. ಆ ತೇಲುವ ಸದ್ದಿಗೆ ಸ್ವಾರಸ್ಯವಿಲ್ಲ ರಂಗಣ್ಣ, ಅದು ಬರೀ ಉದ್ದ. ಕಾಲೇಜಿನವನೊಬ್ಬ ಆಕಳಿಸಿದ. ಇನ್ನೊಬ್ಬ ಟೀ ಲೋಟದ ಕಡೆ ತಿರುಗಿದ. ಒಂದು ಆಕಳಿಕೆ — ನನಗೆ ತಡೆಯಲಾಗಲಿಲ್ಲ. ಅಲ್ಲೇ ಬದಲಿಸಿದೆ. ಮರುದಮಲೆ ಬೆಟ್ಟದ ಗುಡಿಯ ಮೆಟ್ಟಿಲು ಹತ್ತುವ ಮುದುಕನ ಹಾಗೆ ಗಾಡಿ ಏದುಸಿರು ಬಿಟ್ಟಿತು, ಗೊರಗೊರ ಎಂದಿತು, ಕಫ ಕಟ್ಟಿ ಕೆಮ್ಮಿತು, ಕೊನೆಗೆ ಗಕ್ಕನೆ ನಿಂತಿತು. ಜನ ಬಿದ್ದು ಬಿದ್ದು ನಕ್ಕರು. ಟೀ ಮಾಸ್ಟರ್ ಹಾಲಿನ ಪಾತ್ರೆ ಕೆಳಗಿಟ್ಟು ನಕ್ಕ.

ನೀವು ನಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದಿರಿ: “ತಂಬಿ, ಆಕ್ಸಿಲರೇಟರ್ ಬಿಟ್ರೆ ಸತ್ತಂ ತಕ್ಷಣ ಇಳೀತದಾ?”

ಎಷ್ಟು ಸರಿಯಾದ ಪ್ರಶ್ನೆ! ನೂರು ರೋಗಗಳ ನಡುವೆ ಕೈ ಹಾಕಿ ಅದೊಂದನ್ನೇ ಹಿಡಿದಿದ್ದಿರಿ. ಇಳಿಯುವುದಿಲ್ಲ ಎಂದರೆ ನನ್ನ ಮುದುಕ ಹಾಳಾಗುತ್ತಿದ್ದ. ಗಕ್ಕನೆ ನಿಂತಿದ್ದಕ್ಕೇ ತಾನೆ ಅವರೆಲ್ಲ ನಕ್ಕಿದ್ದು.

“ಇಳಿಯುತ್ತೆ ಅಣ್ಣಾ” ಎಂದೆ.

ಇಷ್ಟೇ. ಈ ಒಂದು ಮಾತಿಗೆ —

ನೀವು ಕಣ್ಣು ತೆರೆದಿರಿ. ಸೈಲೆನ್ಸರ್ ಕಟ್ಟಿಕೊಂಡಿದೆ, ಹೊಗೆ ಹೋಗಲು ದಾರಿಯಿಲ್ಲದೆ ಎಂಜಿನ್ ಬಿಸಿಯಾಗುತ್ತಿದೆ, ಬಿಚ್ಚಿಕೊಂಡು ಬಾ ಎಂದಿರಿ. ನಾನು ಕೊಟ್ಟ ಸುಳ್ಳಿಗೆ ಅದೇ ಸರಿಯಾದ ಉತ್ತರ. ಮರುದಿನ ಗೋಣಿಚೀಲದಲ್ಲಿ ಸೈಲೆನ್ಸರ್ ಸುತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. ನೀವು ಒಳಗಿನ ಕರಿಯನ್ನು ಸುಟ್ಟು ಕೆರೆದು ಕೊಟ್ಟಿರಿ. ಕೊಡುವಾಗ ಹೇಳಿದಿರಿ: “ಭಾನುವಾರ ಗಾಡಿನೇ ತಗೊಂಡ್ ಬರಾಕ್ ಹೇಳು. ನಾನ್ ಕೇಳೋವರೆಗೂ ದೂರ ಓಡಿಸ್ಬೇಡ ಅಂತ ಹೇಳು. ಮರೀಬೇಡ.”

ಮರೆಯಲಿಲ್ಲ. ಪ್ರಸನ್ನನಿಗೆ ಹೇಳಿದೆ — ನಿಮ್ಮ ದನಿಯಲ್ಲಿ! ಕೈಯೆತ್ತಿ, ಕಣ್ಣು ಮುಚ್ಚಿ, ಇಲ್ಲದ ಸ್ಕ್ರೂಡ್ರೈವರ್ ಕಿವಿಗಿಟ್ಟು, “ದೂರ ಓಡಿಸ್ಬೇಡ ತಂಬಿ” ಎಂದು. ಅವನು ಹಾಸಿಗೆಯ ಮೇಲೆ ಹೊರಳಾಡಿ ನಕ್ಕ. ಇನ್ನೊಂದು ಸಲ ಮಾಡು ಎಂದ. ಮಾಡಿದೆ. ನಿಮ್ಮ ಎಚ್ಚರಿಕೆ ನಮ್ಮ ನಗೆಯಲ್ಲಿ ಮುಳುಗಿಹೋಯಿತು.

ಸೈಲೆನ್ಸರ್ ಹಗುರಾದ ಮೇಲೆ ಗಾಡಿ ಮೊದಲಿಗಿಂತ ಜೋರಾಗಿ ಓಡಿತು. ಶನಿವಾರ ಬೆಳಿಗ್ಗೆ ಅವನು ತಿರುಪ್ಪೂರಿನ ಅಕ್ಕನ ಮನೆಗೆ ಹೊರಟ. ಅವಿನಾಶಿ ರಸ್ತೆಯಲ್ಲಿ, ಕರುಮತ್ತಂಪಟ್ಟಿ ದಾಟಿ ಸ್ವಲ್ಪ ದೂರದಲ್ಲಿ, ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಓಡುತ್ತಿದ್ದ ಹಾಗೆಯೇ ನಿಂತುಬಿಟ್ಟಿತು. ಪ್ರಸನ್ನ ಬಿದ್ದ, ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಒಳಗೆ ಸರಳು ಹಾಕಿದರು. ಇವತ್ತಿಗೂ ಮೆಟ್ಟಿಲು ಇಳಿಯುವಾಗ ಅವನು ಪಕ್ಕಕ್ಕೆ ತಿರುಗಿ ಇಳಿಯುತ್ತಾನೆ. ಅದನ್ನೂ ಒಮ್ಮೆ ಕ್ಯಾಂಟೀನಿನಲ್ಲಿ ಮಾಡಿ ತೋರಿಸಿದ್ದೇನೆ. ಥೂ.

ಅವಿನಾಶಿಯ ಮೆಕ್ಯಾನಿಕ್ ಎಂಜಿನ್ ಬಿಚ್ಚಿದಾಗ ಸಿಕ್ಕಿದ್ದು ಒಂದು ಬಿರುಕು. ಕಾರ್ಬುರೇಟರನ್ನೂ ಎಂಜಿನನ್ನೂ ಸೇರಿಸುವ ರಬ್ಬರಿನಲ್ಲಿ, ಉಗುರಿನಷ್ಟು ಉದ್ದ. ಅಲ್ಲಿಂದ ಕಳ್ಳಗಾಳಿ ನುಗ್ಗಿ, ಪೆಟ್ರೋಲೂ ಅದರಲ್ಲಿ ಬೆರೆಸಿದ ಎಣ್ಣೆಯೂ ಸಾಲದೆ, ಒಳಗೆ ಎಲ್ಲ ಬೆಂದಿತ್ತು. ಹಾಗೆ ಗಾಳಿ ನುಗ್ಗುವ ಗಾಡಿಯ ಲಕ್ಷಣ ನನಗಿಂತ ನಿಮಗೇ ಗೊತ್ತು: ಆಕ್ಸಿಲರೇಟರ್ ಬಿಟ್ಟರೆ ಸದ್ದು ಇಳಿಯುವುದಿಲ್ಲ.

ಇಲ್ಲಿಯವರೆಗಿನದ್ದು ಚೇಷ್ಟೆ ಎಂದು ಯಾರಾದರೂ ಕ್ಷಮಿಸಬಹುದು. ಇನ್ನು ಮುಂದಿನದ್ದಕ್ಕೆ ಆ ಹೆಸರು ಹೊಂದುವುದಿಲ್ಲ.

ಮೂರು ವಾರದ ಮೇಲೆ ಪ್ರಸನ್ನ ಆಟೋದಲ್ಲಿ ನಿಮ್ಮ ಅಂಗಡಿಗೆ ಬಂದ. ಪ್ಲಾಸ್ಟರ್ ಕಾಲು, ಒಂದು ಕಂಕುಳಲ್ಲಿ ಕೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ. “ಕಿವಿಯಂತೆ ಕಿವಿ! ಆ ಕಿವಿ ಇಟ್ಕೊಂಡು ಇನ್ನೆಷ್ಟು ಜನರ ಕಾಲು ಮುರೀತೀರಿ?” ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದ. ನೀವು ಅವನ ಕಾಲು ನೋಡಿದಿರಿ, ಬಹಳ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದಿರಿ.

“ತಂಬಿ, ಅವತ್ತು ಮಾಡಿದ ಸತ್ತಂ ಇನ್ನೊಂದ್ಸಾರಿ ಮಾಡು.”

ಮಾಡಿದೆ. ನಿಜವಾದದ್ದನ್ನು. ಅಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಯಾವುದನ್ನೂ ಮಾಡಿರಲಿಲ್ಲ — ಆ ತೇಲುವ ಸದ್ದು, ಕಿಣಿಕಿಣಿ, ನಿಧಾನವಾಗಿ ಇಳಿಯುವುದು, ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲ. ಹೆಗಲ ಮೇಲೆ ಪ್ರಸನ್ನನ ಕೈ ಇತ್ತು, ತನ್ನ ಗಾಡಿಯ ಸದ್ದು ಅವನಿಗೆ ಗೊತ್ತು. ಮೊದಲ ಸಲ ನಾನು ಮಾಡಿದ್ದು ಬೇರೆ ಎಂದು ಅವನಿಗೆ ತಿಳಿಯಬಾರದಿತ್ತು. ನಾನು ಉಳಿಯಬೇಕಿತ್ತು.

ನಿಮ್ಮ ಮುಖ ನೋಡಿದೆ. ಅರ್ಧ ಸದ್ದಿಗೇ ನಿಮಗೆ ರೋಗ ತಿಳಿದುಹೋಗಿತ್ತು. “ಗಾಳಿ...” ಎಂದಿರಿ. “ಗಾಳಿ ಎಳೀತಾ ಅದೆ. ಇದನ್ನ ನಾನ್ ಅವತ್ತು...” ಎಂದು ಟೀ ಮಾಸ್ಟರ್ ಕಡೆ ನೋಡಿದಿರಿ. “ಅವತ್ತೂ ಇದೇ ಸತ್ತಮಾ?”

“ಅದೇ ತಾನ್” ಎಂದ ಆ ಮಹಾನುಭಾವ. ಅವನಿಗೆ ಕುದಿಯುವ ಹಾಲೂ ಒಂದೇ, ಓಡುವ ಗಾಡಿಯೂ ಒಂದೇ. ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ನಾಲ್ವರು ಅಲ್ಲಿದ್ದರು. ‘ಏ, ಮುದುಕ ಕೆಮ್ಮಿದ್ದೆಲ್ಲಿ?’ ಎಂದು ಒಬ್ಬನಾದರೂ ಕೇಳಬಾರದಿತ್ತೆ? ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನಾನು ಬಾಯಿ ಮುಚ್ಚಿಕೊಂಡು ಅವರು ಬಾಯಿ ತೆರೆಯಲಿ ಎನ್ನುತ್ತೇನೆ, ನೋಡಿ ನನ್ನ ನ್ಯಾಯ!

ನಿಮ್ಮ ಮೇಲೂ ಸಿಟ್ಟಿದೆ ರಂಗಣ್ಣ. ಮಾಲೀಕ ಸುಳ್ಳು ಹೇಳುತ್ತಾನೆ ಎಂದು ಊರಿಗೆಲ್ಲ ಹೇಳಿದವರು ನನ್ನ ಮುಖವನ್ನು ಒಂದು ಸಲ ಸರಿಯಾಗಿ ನೋಡಬಾರದಿತ್ತೆ? ಸಂಶಯ ಪಟ್ಟು ಎರಡು ಬಾರಿಸಬಾರದಿತ್ತೆ? ನೀವು ಅನುಮಾನಿಸಿದ್ದು ನಿಮ್ಮ ಕಿವಿಯನ್ನು. ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು, ಗ್ರೀಸ್ ಬೆರಳಿನಿಂದ ಕಿವಿಯನ್ನು ತಿಕ್ಕಿಕೊಂಡಿರಿ. “ವಯಸ್ಸಾಯ್ತು ತಂಬಿ, ಕಿವಿ ಹೋಯ್ತು” ಎಂದಿರಿ. ಪ್ರಸನ್ನನ ಕೈ ಹಿಡಿದು ಕ್ಷಮೆ ಕೇಳಿದಿರಿ. ನಾನು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೆ.

ಆಮೇಲೆ ಸ್ಕ್ರೂಡ್ರೈವರ್ ಕಿವಿಗಿಡುವುದನ್ನೇ ಬಿಟ್ಟಿರಿ ಎಂದು ಕೇಳಿದೆ. ಬಿಸಿಯಾಗುವ ಗಾಡಿ ಬಂದರೆ ‘ಬೇರೆ ಕಡೆ ತೋರಿಸಪ್ಪ’ ಎಂದು ಕಳಿಸುತ್ತಿದ್ದಿರಿ ಎಂದು ಕೇಳಿದೆ. ನಾನು ಆಗಲೇ ನಿಮ್ಮ ಕಣ್ಣು ತಪ್ಪಿಸಿ ಬಸ್ಸಿನಲ್ಲಿ ಒಂದು ಸ್ಟಾಪ್ ಮುಂದೆ ಹೋಗಿ ಇಳಿಯುತ್ತಿದ್ದೆ. ಒಂದು ದಿನ ಅಂಗಡಿಯ ಬಾಗಿಲಿಗೆ ಬೇರೆ ಬೋರ್ಡು ಬಂದಿತ್ತು.

ಹೋದ ತಿಂಗಳು ತಿರುಪ್ಪೂರಿನ ಡೈಯಿಂಗ್ ಘಟಕವೊಂದಕ್ಕೆ ಪಂಪು ಕೂರಿಸಲು ಹೋದಾಗ ಪಕ್ಕದ ಬನಿಯನ್ ಕಂಪನಿಯ ಗೇಟಿನಲ್ಲಿ ನೀವು ಸಿಕ್ಕಿರಿ. ಕೈಯಲ್ಲಿ ಎಣ್ಣೆಯ ಕ್ಯಾನು. ಎರಡೂ ಕಿವಿಯಲ್ಲಿ ಹತ್ತಿ. “ಮಿಮಿಕ್ರಿ ತಂಬಿ ತಾನೆ ನೀನು!” ಎಂದು ಹತ್ತಿ ತೆಗೆದು ನಕ್ಕಿರಿ. ನಿಟ್ಟಿಂಗ್ ಮಿಷಿನ್‌ಗಳಿಗೆ ಎಣ್ಣೆ ಬಿಡುವ ಕೆಲಸ ಎಂದಿರಿ. “ಇಲ್ಲಿ ಪರವಾಗಿಲ್ಲ. ಕಿವಿ ಬೇಡ, ಕಣ್ಣಿದ್ರೆ ಸಾಕು.” ಆಮೇಲೆ, ನಾನು ಕೇಳದೆಯೇ, ಹೇಳಿದಿರಿ: “ಡಾಕ್ಟರ್ ಹತ್ರ ಹೋಗಿದ್ದೆ. ಮಿಷಿನ್ ಹಾಕಿ ನೋಡಿ ಕಿವಿ ಚೆನ್ನಾಗದೆ ಅಂದ. ಪೊಯ್ ಹೇಳ್ತಾನೆ ತಂಬಿ. ನೀ ಮಾಡಿದ ಸತ್ತಂ ನಾನೇ ಕೇಳಿದ್ನಲ್ಲ.”

ಆಗಲೂ ನಾನು ಏನು ಮಾಡಿದೆ? ನಿಮ್ಮ ಸೂಪರ್‌ವೈಸರ್ ಗೇಟಿನಲ್ಲಿ ಯಾರನ್ನೋ ಬಯ್ಯುತ್ತಿದ್ದ. ಅವನ ದನಿ ತೆಗೆದೆ. ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ.

ನಿನ್ನೆ ಸಂಜೆ ಪ್ರಸನ್ನನಿಗೆ ಹೇಳಿಬಿಟ್ಟೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮೆಟ್ಟಿಲ ಮೇಲೆ ಸದ್ದು ಕೇಳಿದೆ — ಒಂದು ಹೆಜ್ಜೆ ಭಾರ, ಒಂದು ಹಗುರ, ಒಂದು ಭಾರ — ಕೊನೆಯ ಮೆಟ್ಟಿಲವರೆಗೂ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಮಗೆ ಈ ಅಕ್ಷರ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ. ಮೂರು ಪುಟ ಬರೆದ ಮೇಲೆ ಹೊಳೆಯಿತು, ತಪ್ಪೊಪ್ಪಿಗೆಗೂ ನಾನು ನಿಮಗೆ ತೆರೆಯಲಾಗದ ಬೀಗವನ್ನೇ ಹುಡುಕಿದ್ದೇನೆ ಎಂದು. ಆದ್ದರಿಂದ ಭಾನುವಾರ ತಿರುಪ್ಪೂರಿಗೆ ಬರುತ್ತೇನೆ. ಪ್ರಸನ್ನ ಬರುತ್ತಾನೋ ಇಲ್ಲವೋ ತಿಳಿಯದು. ನಿಮ್ಮ ಎದುರು ಕೂತು ಇದನ್ನು ಓದುತ್ತೇನೆ. ಮೊದಲ ಸಲ ಮಾಡಿದ ಸದ್ದು ಮಾಡುತ್ತೇನೆ, ಎರಡನೆಯದನ್ನೂ ಮಾಡುತ್ತೇನೆ. ಕಿವಿಯ ಹತ್ತಿ ತೆಗೆದು ಎರಡನ್ನೂ ಕೇಳಿ.

ಆಮೇಲೆ ನೀವು ನನಗೆ ಏನು ಹೇಳಿದರೂ — ಏನೇ ಆಗಲಿ — ಅದನ್ನು ಯಾರ ಮುಂದೆಯೂ ನಿಮ್ಮ ದನಿಯಲ್ಲಿ ಮಾಡಿ ತೋರಿಸುವುದಿಲ್ಲ.