ಲೋಟ ತೊಳೆದ ಟೀಚರ್

ಬೆಂಗಳೂರಿನ ಅಂಚಿನಲ್ಲಿ, ನಮ್ಮೂರು ಕೋಗಿಲಿನ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ, ಒಂಬತ್ತನೇ ಮಹಡಿಯ ಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತೇನೆ, ನೆಲ ಒರೆಸುತ್ತೇನೆ. ಆ ಕಟ್ಟಡ ನಿಂತಿರುವ ಜಾಗದಲ್ಲಿ ಹಿಂದೆ ನಮ್ಮ ಮಾವ ರಾಗಿ ಬೆಳೆಯುತ್ತಿದ್ದರು. ಅದಕ್ಕಾಗಿ ಅಳುತ್ತಾ ಕೂರುವವಳಲ್ಲ ನಾನು. ಮಾರಿದರು, ಉಂಡರು, ಸತ್ತರು. ಊರು ಬೆಳೆಯಿತು ಅನ್ನುತ್ತಾರೆ. ಬೆಳೆದದ್ದು ನಿಜ. ಕತ್ತೆತ್ತಿದರೆ ಈಗ ಯಾರದೋ ಬಾಲ್ಕನಿಯಲ್ಲಿ ಒಣಗುವ ಬಟ್ಟೆ ಕಾಣುತ್ತದೆ.

ನನ್ನ ಮೊಮ್ಮಗಳು ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಬಿ.ಎಸ್ಸಿ. ಮಾಡಿದಳು. ಲೆಕ್ಕದಲ್ಲಿ ಬಲು ಚುರುಕು. ಹೆಬ್ಬಾಳದ ಕಡೆಯ ಗಾಜಿನ ಆಫೀಸುಗಳಿಗೆಲ್ಲ ಇಂಟರ್‌ವ್ಯೂಗೆ ಹೋಗಿ ಬಂದಳು. ಕೇಳಿದ್ದಕ್ಕೆ ಉತ್ತರ ಗೊತ್ತಿರುತ್ತಿತ್ತಂತೆ. ಅದು ಇಂಗ್ಲಿಷಾಗಿ ಬಾಯಿಗೆ ಬರುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಿರುತ್ತಿದ್ದರಂತೆ. ಕೊನೆಗೆ, "ಬಿ.ಎಡ್. ಮಾಡಿ ಟೀಚರ್ ಆಗ್ತೀನಿ. ಅಲ್ಲೀ ತನಕ ಟ್ಯೂಷನ್ ಹೇಳಿ ಫೀಸಿಗೆ ಸೇರಿಸ್ಕೋತೀನಿ" ಅಂದಳು.

ನಾನು ಕೆಲಸದ ಮನೆಯ ಮೇಡಂ ಹತ್ತಿರ ಮಾತು ತೆಗೆದೆ. ಅವರ ಹುಡುಗ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ. "ಕಳ್ಸಿ ಅಜ್ಜಿ, ನೋಡೋಣ" ಅಂದರು. ಕೆಟ್ಟವರಲ್ಲ ಅವರು.

ಮೊಮ್ಮಗಳು ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬಂದಳು. ಗೇಟಿನ ಸೆಕ್ಯುರಿಟಿಯವನು "ಟೀಚರಾ? ಬನ್ನಿ ಮೇಡಂ" ಅಂತ ಮನೆಯವರ ಲಿಫ್ಟ್ ತೋರಿಸಿದ. ಕೆಲಸದವರ ಲಿಫ್ಟ್ ಬೇರೆ, ಹಿಂದುಗಡೆ. ನಾನು ಅದರಲ್ಲಿ ಮೇಲೆ ಹೋದಾಗ ಅವಳು ಆಗಲೇ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಏನಜ್ಜಿ, ಇಷ್ಟೊತ್ತು?"

"ಕಸದ ಡಬ್ಬಗಳ್ ಜೊತೆ ಮಾತಾಡ್ಕೊಂಡು ಬಂದೆ ಕಣೇ. ನಿಂಗೇನ್ ಗೊತ್ತು, ದೊಡ್ ಮನ್ಸಿ."

ದೊಡ್ಡ ಪರೀಕ್ಷೆಗೆ ಮುಂಚಿನ ಟೆಸ್ಟಿನಲ್ಲಿ ಹುಡುಗನಿಗೆ ಒಳ್ಳೆಯ ಮಾರ್ಕ್ಸ್ ಬಂತು. ಮೇಡಂ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದರು. ಕೆಳಗಿನ ಮಹಡಿಗಳ ತಾಯಂದಿರು, ಬೇಸಿಗೆ ರಜೆ ಕಳೆಯಲಿ, ನಮ್ಮ ಮಕ್ಕಳನ್ನೂ ಕಳಿಸುತ್ತೇವೆ ಅಂದರು. ಅಷ್ಟು ಮಕ್ಕಳು ಸಿಕ್ಕಿದ್ದರೆ ಬಿ.ಎಡ್. ಆಗಿಹೋಗುತ್ತಿತ್ತು.

ಆ ಖುಷಿಗೆ ಮೇಡಂ ಅವಳಿಗೆ ಒಂದು ದಿನ ಕಾಫಿ ಕೊಟ್ಟರು. ನಮ್ಮಲ್ಲೊಂದು ರೂಢಿ ಇದೆ. ದೊಡ್ಡವರ ಮನೆಯಲ್ಲಿ ಏನಾದರೂ ಕುಡಿದರೆ ಲೋಟ ತೊಳೆದು ಬೋರಲು ಹಾಕಿ ಬರಬೇಕು. ನಮ್ಮವ್ವ ನನಗೆ ಹೇಳಿದಳು, ನಾನು ನನ್ನ ಮಗಳಿಗೆ, ಅವಳು ತನ್ನ ಮಗಳಿಗೆ. ಯಾಕೆ ಅಂತ ಯಾರೂ ಕೇಳಿದ್ದಿಲ್ಲ. ಮೊಮ್ಮಗಳು ಕಾಫಿ ಕುಡಿದವಳೇ ನೆಟ್ಟಗೆ ಅಡುಗೆಮನೆಗೆ ಹೋಗಿ ಲೋಟ ತೊಳೆದು ಬೋರಲು ಹಾಕಿದಳು. ಸಿಂಕಿನಲ್ಲಿದ್ದ ಇನ್ನೆರಡು ತಟ್ಟೆಗಳನ್ನೂ ತೊಳೆದಳು. ಮೇಡಂ ಬಾಗಿಲಲ್ಲಿ ನಿಂತು ನೋಡಿದರು.

"ಅಯ್ಯೋ, ನಿಂಗ್ಯಾಕಮ್ಮ" ಅಂದರು. ಅಲ್ಲಿಯವರೆಗೆ ಅವಳನ್ನು 'ನೀವು' ಅನ್ನುತ್ತಿದ್ದರು.

ಮಾರನೆಯ ದಿನ, "ಹೇಗೂ ಅಲ್ಲೇ ಇದ್ದೀಯಲ್ಲ, ಇವನ ಟಿಫನ್ ಡಬ್ಬಿನೂ ಒಂಚೂರು ತೊಳ್ದುಬಿಡು" ಅಂದರು. ಆಮೇಲೆ ಬೀನ್ಸ್ ಹೆಚ್ಚುವುದು ಬಂತು. ಒಗ್ಗರಣೆಯೂ ಬಂತು. ದಾರಿಯಲ್ಲಿ ನಾನು ಬೈದೆ.

"ಆಗಾಕಿಲ್ಲ ಅನ್ನಕ್ ಬಾಯಿಲ್ವೇನೇ ನಿಂಗೆ?"

"ಅಂದು ನೋಡ್ಲಾ? ಅವ್ರಿಗೆ ಬೇಜಾರಾದ್ರೆ ಬೇರೆ ಮಕ್ಳು ಬರ್ತಾರಾ? ನೀನ್ ಒಂದಿನಾನಾದ್ರೂ ಅಂದಿದ್ಯಾ ಅಜ್ಜಿ?"

ನಾನು ಬಿರಬಿರನೆ ಮುಂದೆ ನಡೆದೆ.

ರಜೆ ಕಳೆದ ಮೇಲೆ ಹುಡುಗನಿಗೆ ಹೊಸ ಮೇಷ್ಟ್ರು ಬಂದ. ಬೂಟು, ಬೆನ್ನಿಗೆ ಬ್ಯಾಗು, ಬಾಯ್ತುಂಬ ಇಂಗ್ಲಿಷು. ಕಾಫಿ ಕುಡಿದು ಲೋಟವನ್ನು ಹುಡುಗನ ಪುಸ್ತಕದ ಮೇಲೇ ಇಟ್ಟು ಹೋದ. ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ. ಮೇಡಂ ಮೊಮ್ಮಗಳ ಹೆಗಲ ಮೇಲೆ ಕೈ ಇಟ್ಟು, "ಮುಂದಿನ ಕ್ಲಾಸಿಗೆ ಇಂಗ್ಲಿಷ್ ಚೆನ್ನಾಗಿರೋರು ಬೇಕಮ್ಮ. ನಿನ್ನನ್ನೇನ್ ಬಿಡಲ್ಲ ನಾನು, ಅಡುಗೆ ನೋಡ್ಕೋ" ಅಂದರು. ಪ್ರೀತಿಯಿಂದಲೇ ಅಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಗೇಟಿನಲ್ಲಿ ಅವಳಿಗೂ ಕೆಲಸದವರ ಕಾರ್ಡು ಮಾಡಿಕೊಟ್ಟರು. ಈಗ ಇಬ್ಬರೂ ಹಿಂದಿನ ಲಿಫ್ಟಿನಲ್ಲೇ ಹೋಗುತ್ತೇವೆ. ಮಗಳನ್ನು ಟ್ಯೂಷನ್ನಿಗೆ ಕಳಿಸುತ್ತೇನೆ ಅಂದಿದ್ದ ಆರನೇ ಮಹಡಿಯ ತಾಯಿಯೊಬ್ಬರು ಮೊನ್ನೆ ಗೇಟಿನ ಹತ್ತಿರ ನಮ್ಮನ್ನು ನಿಲ್ಲಿಸಿದರು.

"ಏನಮ್ಮ, ಅವ್ರ ಮನೇಲಿ ಅಡುಗೆ ಮಾಡೋಳು ನೀನೇ ಅಲ್ವಾ? ಸಂಜೆ ನಮ್ಮನೆಗೂ ಬರ್ತೀಯಾ, ಚಪಾತಿಗೆ?"

ಅವಳು ನನ್ನ ಮುಖ ನೋಡಿದಳು. ಬಿ.ಎಡ್. ಅರ್ಜಿಯ ಗಡುವು ಆಗಲೇ ಮುಗಿದಿತ್ತು.

"ಊಂ ಅನ್ನೇ" ಅಂದೆ.

"ಬರ್ತೀನಿ ಅಕ್ಕಾ" ಅಂದಳು.

ನಮ್ಮ ಮನೆಯಲ್ಲಿ ಮೂರು ಹೊತ್ತೂ ಮುದ್ದೆ, ಮೇಡಂ ಮನೆಯಲ್ಲಿ ಅನ್ನ ಸಾರು. ಚಪಾತಿ ಅವಳಿಗೆ ಗೊತ್ತಿರಲಿಲ್ಲ. ಭಾನುವಾರ ಗೋಧಿ ಹಿಟ್ಟು ತರಿಸಿ, ಕೆಲಸದ ಮನೆಗಳಲ್ಲಿ ನೋಡಿ ಕಲಿತದ್ದನ್ನು ಕೂರಿಸಿಕೊಂಡು ಹೇಳಿಕೊಟ್ಟೆ. ಬೇಗ ಕಲಿತಳು. ಅವಳಿಗೆ ಏನು ಹೇಳಿಕೊಟ್ಟರೂ ಬೇಗ ಬರುತ್ತದೆ.