ಅವರ ಸರದಿ

ಆ ದಿನ ನನಗೆ ಲಿಫ್ಟಿನ ಮೇಲೂ ಸಿಟ್ಟು, ದೇವರ ಮೇಲೂ ಸಿಟ್ಟು. ಚೆನ್ನೈನ ಪ್ಯಾರೀಸ್ ಕಾರ್ನರಿನಲ್ಲಿ ಸಗಟು ದರಕ್ಕೆ ಸಿಗುತ್ತವೆಂದು ದೊಡ್ಡವರ ಡೈಪರಿನ ಕಟ್ಟು ತರಲು ಹೋಗಿದ್ದೆ. ರೈಲಿನಲ್ಲಿ ವೇಲಚೇರಿಯವರೆಗೆ ನಿಂತೇ ಬಂದರೆ ಇಲ್ಲಿ ನಮ್ಮ ಕಟ್ಟಡದ ಲಿಫ್ಟು ಕೆಟ್ಟಿತ್ತು. ಕಟ್ಟು ಹೊತ್ತುಕೊಂಡು ಮೆಟ್ಟಿಲು ಹತ್ತುವಾಗ, ನಮ್ಮ ಕನ್ನಡ ಸಭೆಯ ಪಾದ್ರಿಯವರು ಹಿಂದಿನ ಭಾನುವಾರ ಹೇಳಿದ್ದು ನೆನಪಾಯಿತು: ಹೃದಯವನ್ನು ದೇವರಿಗೆ ತೆರೆದಿಡಬೇಕಂತೆ. ಅಯ್ಯೋ, ಮೊದಲು ಒಂದು ಒಳ್ಳೆಯ ನಿದ್ದೆ ಕೊಡಲಿ, ಆಮೇಲೆ ತೆರೆದರಾಯಿತು ಎಂದುಕೊಂಡೆ.

ನನ್ನ ಗಂಡನಿಗೆ ಲಕ್ವ ಹೊಡೆದು ವರ್ಷದ ಮೇಲಾಗಿತ್ತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ನೀರು, ಬೇಡ, ಹೂಂ, ಹೀಗೆ ಒಂದೊಂದೇ ಪದ, ಅದೂ ಎಳೆದೆಳೆದು. ಎಂಥ ಮಾತುಗಾರ ಮನುಷ್ಯ!

ತುಮಕೂರಿನ ತಮ್ಮ ಮನೆಯಿಂದ ಅವರು ಚೆನ್ನೈಗೆ ತಂದ ಪದ್ಧತಿ ಒಂದಿತ್ತು. ದಿನವೂ ಸಂಜೆ ಕುಟುಂಬ ಪ್ರಾರ್ಥನೆ. ಮೊದಲು ಚಿಕ್ಕವರು, ಕೊನೆಗೆ ಹಿರಿಯರು. ಹಿರಿಯರು ಆಮೆನ್ ಅನ್ನುವವರೆಗೆ ಯಾರೂ ಕಣ್ಣು ಬಿಡುವ ಹಾಗಿಲ್ಲ. ಇವರ ಸರದಿ ಬಂತೆಂದರೆ ನಮ್ಮ ಕಥೆ ಮುಗಿಯಿತು. ದೇಶ ಆಳುವವರಿಂದ ಹಿಡಿದು ಕೆಳಗಿನ ಮನೆಯವರ ನಾಯಿಯವರೆಗೆ ಎಲ್ಲರಿಗೂ ಬೇಡಿಕೊಳ್ಳಬೇಕು. ಒಲೆಯ ಮೇಲೆ ಬೇಳೆ ತಳ ಹಿಡಿಯುತ್ತಿತ್ತು. “ರೀ, ದೇವ್ರಿಗೂ ಬೇರೆ ಕೆಲ್ಸ ಇರತ್ತೆ” ಎಂದು ನಾನು ರೇಗಿಸಿದರೆ ನಗುತ್ತಿದ್ದರು.

ಮಾತು ಹೋದ ಮೇಲೆ ಅವರ ಸರದಿಯೂ ತಾನಾಗಿಯೇ ತಪ್ಪಿಹೋಯಿತು. ಆಯಾಸ ಮಾಡಿಸಬೇಡಿ ಎಂದು ಡಾಕ್ಟರೂ ಹೇಳಿದ್ದರು. ಮಗಳದು, ನನ್ನದು, ಆಮೆನ್. ನನಗೆ ಪ್ರಾರ್ಥನೆ ಬಾಯಿಪಾಠ. ಸಭೆಯ ಹೆಂಗಸರು “ಎಷ್ಟು ಚೆನ್ನಾಗಿ ಪ್ರಾರ್ಥನೆ ಮಾಡ್ತೀರಿ ಅಕ್ಕಾ” ಅನ್ನುತ್ತಾರೆ. ಬಾಯಿ ತನ್ನ ಪಾಡಿಗೆ ಸ್ತೋತ್ರ ಹೇಳುತ್ತಿರುತ್ತದೆ, ತಲೆಯೊಳಗೆ ಮಾತ್ರೆ ತಂದೆನೋ ಇಲ್ಲವೋ, ನೀರಿನ ಲಾರಿ ಬಂತೋ ಇಲ್ಲವೋ ಎಂಬ ಲೆಕ್ಕ. ಅದು ನನಗೆ ಗೊತ್ತಿತ್ತು. ಹೀಗೇ ಇದ್ದರೆ ಒಂದು ದಿನ ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತೇನೆ ಎಂಬ ಹೆದರಿಕೆಯೂ ಇತ್ತು. ಆದರೆ ಹೆದರಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ.

ಅಂದು ಸಂಜೆ ಅವರ ಮಂಚದ ಪಕ್ಕ ಕೂತೆವು. ಹೈಸ್ಕೂಲಿನ ಮಗಳು, ಎಂದಿನಂತೆ ತಮಿಳಿನಲ್ಲೇ, “ಸೀಕ್ರಂ ಮುಡಿಮ್ಮಾ, ಪರೀಕ್ಷೆ ಇರುಕ್ಕು” ಎಂದು ಅವಸರ ಮಾಡಿದಳು. ಬೇಗ ಮುಗಿಸಲು ನನಗೇನು ಹೇಳಿಕೊಡಬೇಕೇ? ಅವಳದಾಯಿತು, ನನ್ನದಾಯಿತು. ಆಮೆನ್ ಅನ್ನುವಷ್ಟರಲ್ಲಿ ಅವರು ಎಡಗೈಯಿಂದ ನನ್ನ ಸೆರಗು ಹಿಡಿದು ಎಳೆದರು.

“ಏನ್ರೀ? ನೀರಾ?”

“ಬೇ...ಡ.”

“ಬಟ್ಟೆ ಒದ್ದೆ ಆಯ್ತಾ?”

ತಲೆ ಅಲ್ಲಾಡಿಸಿದರು.

“ಮತ್ತೇನ್ ಬೇಕು ಹೇಳ್ಬಾರ್ದಾ! ಬೆಳಿಗ್ಗೆಯಿಂದ ಕಾಲು ನೆಲದ ಮೇಲೆ ನಿಂತಿಲ್ಲ ನಂಗೆ!” ಎಂದು ಕಿರುಚಿದೆ. ಹೇಳಲು ಆಗದವರಿಗೆ ಹೇಳು ಅನ್ನುತ್ತಿದ್ದೆ.

ಅವರು ಸಿಟ್ಟಾಗಲಿಲ್ಲ. ಸೆರಗು ಬಿಟ್ಟು, ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮೇಲಿಟ್ಟುಕೊಂಡರು. ಅದರ ಮೇಲೆ ಎಡಗೈ ಇಟ್ಟು ಕಣ್ಣು ಮುಚ್ಚಿದರು.

ಮಗಳಿಗೆ ನನಗಿಂತ ಮೊದಲೇ ತಿಳಿಯಿತು. “ಅಮ್ಮಾ, ಅಪ್ಪಂದು ಇನ್ನೂ ಆಗಿಲ್ಲ” ಎಂದಳು. ಕನ್ನಡದಲ್ಲೇ ಅಂದಳು.

ನಾವು ಮತ್ತೆ ಕಣ್ಣು ಮುಚ್ಚಿದೆವು. ಬಹಳ ಹೊತ್ತು ಬರೀ ಉಸಿರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಲೇ ಇತ್ತು. ಏಳಬೇಕೆನಿಸಿದರೂ ಏಳಲಿಲ್ಲ. ಅವರ ಗಂಟಲು ತಡಕಾಡುತ್ತಿತ್ತು. ದೇಶ ಆಳುವವರು ಬರಲಿಲ್ಲ, ನಾಯಿ ಬರಲಿಲ್ಲ.

“ಸ್ವಾಮಿ...” ಎಂದರು. ಆಮೇಲೆ ಇನ್ನಷ್ಟು ಹೊತ್ತು. “ಇವಳು... ಸುಸ್ತು.”

ಅಷ್ಟೇ. ಆಮೆನ್ ಅವರಿಂದ ಆಗಲಿಲ್ಲ. ಅದನ್ನು ನಾನು ಹೇಳಬೇಕಿತ್ತು. ನನ್ನ ಬಾಯಿಪಾಠದಲ್ಲಿ ಎಷ್ಟು ಹುಡುಕಿದರೂ ಆ ಒಂದು ಪದ ಸಿಗಲಿಲ್ಲ. ಮಗಳ ಮುಂದೆ ಅಳಬಾರದೆಂದುಕೊಂಡಿದ್ದವಳು ಗೊಳೋ ಎಂದು ಅತ್ತುಬಿಟ್ಟೆ.

“ಹೌದು ಸ್ವಾಮಿ,” ಎಂದೆ, “ನಂಗೆ ತುಂಬಾ ಸುಸ್ತಾಗಿದೆ.”